ಕಾರಿನ ಗಾಜು ಮತ್ತು ನಾಲ್ಕನೆಯ ಕಲಮು

ಚಿಕ್ಕೋಡಿಯ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷ ಕಾಗದ ಬರೆದವನು ನಾನು. ‘ಸದರಿ’, ‘ಮೇಲ್ಕಾಣಿಸಿದ’ ಎಂಬ ಎರಡು ಶಬ್ದಗಳಿದ್ದರೆ ಯಾವ ಯುದ್ಧವನ್ನಾದರೂ ಗೆಲ್ಲಬಲ್ಲೆ ಎಂದು ನಂಬಿದ್ದೆ. ಹೀಗಾಗಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಅದನ್ನು ನಿಲ್ಲಿಸಲು ಪಕ್ಕದ ಮನೆಯ ಅಕ್ಕಾತಾಯಿ ಕಾಕುವಿನ ತಗಡಿನ ಶೆಡ್ ಬಾಡಿಗೆಗೆ ಹಿಡಿದಾಗ, ಕರಾರುಪತ್ರ ಬರೆಯುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ.

“ಕಾಗದಾ ಯಾಕ್ರಿ ಸಾಹೇಬ್ರ? ಎಮ್ಮಿ ಕಟ್ಟೂ ಜಾಗಾ ಅದು. ಎಮ್ಮಿ ಮಾರೀನಿ, ನೀವು ಕಾರು ಕಟ್ರಿ” ಎಂದಳು ಕಾಕು.

“ಹಂಗಲ್ಲ ಕಾಕು, ಕಾನೂನು ಅಂತ ಒಂದ ಐತಿ” ಎಂದೆ, ಕಾನೂನು ನನ್ನ ಸೋದರಮಾವನ ಮಗ ಎಂಬ ಧಾಟಿಯಲ್ಲಿ.

ಮೂರು ಕಲಮು ಬರೆಯುವಷ್ಟರಲ್ಲಿ ವಿಷಯ ಮುಗಿಯಿತು. ಬಾಂಡ್ ಪೇಪರ್ ಮಾತ್ರ ಅರ್ಧ ಖಾಲಿ! ಜೇಬಿನಲ್ಲಿ ಬೈಕ್ ಸ್ಟ್ಯಾಂಡಿನ ಚೀಟಿಯಿತ್ತು. ಅದರ ಹಿಂದೆ ಅಚ್ಚಾಗಿದ್ದ ಒಂದು ಗಂಭೀರವಾದ ವಾಕ್ಯವನ್ನು ನಾಲ್ಕನೆಯ ಕಲಮಾಗಿ ಇಳಿಸಿದೆ. ಕಾಕು ಹೆಬ್ಬೆಟ್ಟು ಒತ್ತಿ, ಕಾಗದವನ್ನು ಟ್ರಂಕಿನಲ್ಲಿಟ್ಟಳು.

ಬೇಸಿಗೆಯ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದಿತು. ಶೆಡ್ಡಿನ ತಗಡು ಬಡಿಯಬಾರದೆಂದು ಮೇಲಿಟ್ಟಿದ್ದ ಕಲ್ಲೊಂದು ಉರುಳಿ, ನೇರವಾಗಿ ಕಾರಿನ ಮುಂದಿನ ಗಾಜು ಒಡೆದು, ಡ್ರೈವರ್ ಸೀಟಿನಲ್ಲಿ ಕುಳಿತುಬಿಟ್ಟಿತು.

“ಕಾಕುನ ಕೂಡ ಬಾಯ್ಲೆ ಮಾತಾಡ್ರಿ. ದಿನಾ ಮಜ್ಜಿಗಿ ಕಳಸೂ ಹೆಣ್ಮಗಳು” ಎಂದಳು ನನ್ನ ಹೆಂಡತಿ ಸುರೇಖಾ.

“ಮಜ್ಜಿಗಿ ಬ್ಯಾರೆ, ಜವಾಬ್ದಾರಿ ಬ್ಯಾರೆ! ನಾ ನೋಟೀಸ್ ಕೊಡಾಂವ!”

ಮರುದಿನ ಕೊಟ್ಟೇಬಿಟ್ಟೆ. ಸದರಿ ಶೆಡ್ಡಿನ ಮೇಲಿದ್ದ ಸದರಿ ಕಲ್ಲು ಸದರಿ ಕಾರಿನ ಮೇಲೆ ಬಿದ್ದ ಬಗ್ಗೆ ಎರಡು ಪುಟ. ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದ ಕಾಕು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ನನಗ ಓದಾಕ ಎಲ್ಲಿ ಬರತೈತ್ರಿ? ನೀವ ಓದ್ರಿ.”

ನೋಟೀಸು ಕೊಟ್ಟವನೇ ಅದನ್ನು ಓದಿಯೂ ಹೇಳಬೇಕಾದ ಪ್ರಸಂಗ ನಮ್ಮ ಕಚೇರಿಯಲ್ಲಿ ಯಾರಿಗೂ ಬಂದಿರಲಿಲ್ಲ. ಓದಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಗಂಟಲು ಒಣಗಿತು. ಕಾಕು ನೀರು ತಂದುಕೊಟ್ಟಳು. ಅದನ್ನು ಕುಡಿದು, ಅವಳ ಮೇಲೆ ಕೋರ್ಟಿಗೆ ಹೋಗುವ ಭಾಗವನ್ನು ಓದಿದೆ!

“ಚಲೋ ಓದ್ತೀರಿ” ಎಂದು ಕಾಕು ಒಳಗೆ ಹೋಗಿ, ಟ್ರಂಕಿನಿಂದ ಕರಾರುಪತ್ರ ತಂದಳು. “ಈಗ ಇದನ್ನೂ ಓದ್ರಿ.”

ಮೂರು ಕಲಮು ಸಲೀಸಾಗಿ ಸಾಗಿದವು. ನಾಲ್ಕನೆಯದು ಹೀಗಿತ್ತು: “ಇಲ್ಲಿ ನಿಲ್ಲಿಸಿದ ವಾಹನಕ್ಕೆ ಆಗುವ ಯಾವುದೇ ಹಾನಿಗೆ ಮಾಲೀಕರು ಜವಾಬ್ದಾರರಲ್ಲ.”

ಬರೆದವನು ನಾನೇ! ಅಕ್ಷರಗಳು ಮುತ್ತಿನಂತಿದ್ದವು. ಆದರೂ ನಾನು ಸೋಲುವ ಕುಳವಲ್ಲ.

“ನೋಡು ಕಾಕು, ಇಲ್ಲಿ ಮಾಲೀಕರು ಅಂದ್ರ ಕಾರಿನ ಮಾಲೀಕ. ಅಂದ್ರ ನಾ. ನಾ ಜವಾಬ್ದಾರ ಅಲ್ಲ. ಅಂದಮ್ಯಾಲ ಉಳದಾಕಿ ಯಾರು? ನೀ!”

ಈ ವಾದದ ಸೊಬಗಿಗೆ ನಾನೇ ತಲೆದೂಗುತ್ತಿದ್ದೆ. ಅಷ್ಟರಲ್ಲಿ ಸುರೇಖಾ ಕಾರಿನೊಳಗಿದ್ದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು.

“ಏನ್ರೀ, ಇದು ನಮ್ಮ ಒಳ್ಳಿನ ಗುಂಡಲ್ಲೇನು? ಎರಡ ತಿಂಗಳಾತು, ನಾ ಹುಡಕಾಕತ್ತೀನಿ!”

ಆಗ ನೆನಪಾಯಿತು. ತಗಡು ಬಡಿದು ಸದ್ದಾಗುತ್ತದೆಂದು, ಕಾಕು ಊರಲ್ಲಿಲ್ಲದಾಗ ನಾನೇ ಏಣಿ ಹಾಕಿ, ಮಿಕ್ಸರ್ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುವ ಒರಳಿನ ಆ ಗುಂಡುಕಲ್ಲನ್ನು ಮೇಲಿಟ್ಟಿದ್ದೆ. ನೋಟೀಸಿನಲ್ಲಿ ಇದೊಂದು ಸಣ್ಣ ಸಂಗತಿ ಬಿಟ್ಟುಹೋಗಿತ್ತು.

“ಎಲ್ಲಾ ಬಿಟ್ಟು ಗುಂಡಗಿದ್ದ ಕಲ್ಲ ಇಟ್ರ್ಯಾ?” ಎಂದಳು ಸುರೇಖಾ. “ಅದು ಉರಳದ ಏನ್ ಮಾಡತೈತಿ?”

ಕಾಕು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚಲೋ ಇತ್ತು.

“ನನ್ನ ಶೆಡ್ಡಿನಾಗ ಆಗೇತಿ, ಅರ್ಧಾ ಗಾಜಿನ ರೊಕ್ಕಾ ನಾ ಕೊಡಬೇಕಂತ ನಿನ್ನೆನ ಠರಾಯಿಸಿದ್ದೆ” ಎಂದು ಮೊರ ಕೈಗೆತ್ತಿಕೊಂಡಳು. “ನೀವು ನೋಟೀಸ್ ತಂದ್ರಿ. ಇನ್ನ ಕಾಗದದಾಗ ಇದ್ದಂಗ ಆಗ್ಲಿ.”

ಕ್ಷಮಿಸು ಎನ್ನಲು ಬಾಯಿ ತೆರೆದೆ. ಇಪ್ಪತ್ತು ವರ್ಷದ ಅನುಭವದಲ್ಲಿ ಆ ಮಾತಿಗೆ ಒಂದು ನಮೂನೆಯೂ ಇರಲಿಲ್ಲ. ಕಡೆಗೆ “ತಪ್ಪಾತು ಕಾಕು” ಎಂದೆ, ‘ಸದರಿ’ ಇಲ್ಲದೆ. ಅವಳು ತಲೆಯಾಡಿಸಿದಳು. ಮಜ್ಜಿಗೆ ಮಾತ್ರ ಹದಿನೈದು ದಿನ ಬರಲಿಲ್ಲ.

ಗಾಜು ಚಿಕ್ಕೋಡಿಯಲ್ಲಿ ಸಿಗದೆ ನಿಪ್ಪಾಣಿಗೆ ಹೊರಟೆ. ಮುಂದೆ ಗಾಜಿಲ್ಲದ ಕಾರು! ಎರಡು ಕಿಲೋಮೀಟರಿನಲ್ಲೇ ಕಣ್ಣಿಗೆ ಧೂಳು, ಬಾಯಿಗೆ ಹುಳ. ಆದರೂ ಹಿಂದಿರುಗುವ ಪೈಕಿ ನಾನಲ್ಲ. ಹಿಂದಿನ ಸೀಟಿನಲ್ಲಿದ್ದ ಬೈಕಿನ ಹೆಲ್ಮೆಟ್ ಹಾಕಿಕೊಂಡು, ಅದರ ಗಾಜು ಇಳಿಸಿ, ಸೇನಾಪತಿಯಂತೆ ಮುನ್ನುಗ್ಗಿದೆ. ಕಬ್ಬಿನ ಟ್ರ್ಯಾಕ್ಟರಿನವರು ಪಕ್ಕಕ್ಕೆ ಸರಿದು ನಿಂತು ನೋಡಿದರು.

ನಿಪ್ಪಾಣಿಯ ಹೊರಗೆ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ನನ್ನನ್ನೂ ಕಾರನ್ನೂ ಒಂದು ಸುತ್ತು ನೋಡಿ, ಬಹಳ ಗೌರವದಿಂದ ಕೇಳಿದರು:

“ಹೆಲ್ಮೆಟ್ ಹಾಕ್ಕೊಂಡಿದ್ದು ಚಲೋ ಆತ್ರಿ ಸರ್. ಸೀಟ್ ಬೆಲ್ಟ್ ಎಲ್ಲೈತ್ರಿ?”