ಮಾವಾ, ನೀವು ಏನೂ ಬರೀಬ್ಯಾಡ್ರಿ

ಇದನ್ನು ಹೇಳಬೇಕೆಂದುಕೊಂಡು ಆರು ವರ್ಷ ಮುಂದೂಡಿದ್ದೇನೆ. ನನ್ನ ಹೆಂಡತಿಯ ಕೊನೆಯ ತಮ್ಮನಷ್ಟು ತೊಂದರೆ ಕೊಡದ ಮನುಷ್ಯ ಕಲಬುರಗಿ ಜಿಲ್ಲೆಯಲ್ಲೇ ಇಲ್ಲ. ಅವನಿಂದ ನಮಗಿದ್ದ ತೊಂದರೆಯೇ ಅದು!

ಕಮಲಾಪುರದಿಂದ ಗಾಜಿಪುರದ ನಮ್ಮ ಮನೆಗೆ ಬಂದರೆ ಅವನ ಚೀಲದಲ್ಲಿ ತಾಟು, ಲೋಟ, ಚಾದರ, ಅಂಗಿ ತೂಗುಹಾಕಲು ಒಂದು ಮೊಳೆ. ಹೌದು, ಮೊಳೆ!

“ನಮ್ಮ ಮನ್ಯಾಗ ತಾಟ ಇಲ್ಲೇನೋ?” ಎಂದು ಹೆಂಡತಿ ಸಿಡುಕಿದರೆ, “ಅದಾವ ಅಕ್ಕಾ. ಆದ್ರ ನೀ ಹುಡುಕಬೇಕಲ್ಲ!” ಅನ್ನುತ್ತಿದ್ದ.

ನಾನು ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಅವನು ಕಂಪ್ಯೂಟರಿನ ಜಾವಾ ಭಾಷೆ ಕಲಿತವನು. ನನ್ನ ಮಾತಿನ ಮೇಲೆ ಸಾಹುಕಾರರು ಮಿಲ್ಲಿಗೊಂದು ಪ್ರೋಗ್ರಾಮ್ ಮಾಡಲು ಅವನಿಗೆ ಹೇಳಿದರು. ಮನಸ್ಸಿಗೆ ಬಂದರೆ ಕಾಯಂ ನೌಕರಿ.

ಅದನ್ನೂ ತನ್ನ ಹಾಗೆಯೇ ಮಾಡಿದ! ತಾರೀಖು ಆರಿಸುವ ಕ್ಯಾಲೆಂಡರ್, ಪ್ರಿಂಟ್ ಬಟನ್, ಪ್ರತಿಯೊಂದೂ ತನ್ನ ಬಣ್ಣ, ಚಿತ್ರ, ತನ್ನನ್ನು ನಡೆಸುವ ಸ್ಕ್ರಿಪ್ಟನ್ನು ತನ್ನದೇ ಗಂಟಿನಲ್ಲಿ ಹೊತ್ತು ತರುತ್ತಿತ್ತು. ಪುಟದಲ್ಲಿ ಇಟ್ಟರೆ ಸಾಕು, ಫ್ರೇಮ್‌ವರ್ಕ್ ಎಂಬ ಒಳಗಿನ ಚೌಕಟ್ಟು ತಾನೇ ಗಂಟು ಬಿಚ್ಚಿ ಹುಡುಕಿಕೊಳ್ಳುತ್ತಿತ್ತು. ಯಾವುದು ಎಲ್ಲಿದೆ ಎಂದು ಸೆಟ್ಟಿಂಗ್ ಫೈಲಿನಲ್ಲಿ ನಾವು ಬರೆದುಕೊಡಬೇಕಿರಲಿಲ್ಲ.

“ಸೆಟ್ಟಿಂಗ್ ಫೈಲ್ ಖಾಲಿ ಐತಲ್ಲೋ?” ಎಂದೆ.

“ಖಾಲಿನೇ ಇರಬೇಕ್ರಿ ಮಾವಾ. ನೀವು ಏನೂ ಬರೀಬ್ಯಾಡ್ರಿ.”

ನಲವತ್ತು ವರ್ಷ ದಫ್ತರ ಬರೆದವನ ಕೈ ಖಾಲಿ ಪುಟ ಕಂಡರೆ ಸುಮ್ಮನಿರುತ್ತದೆಯೇ? ಸಾಹುಕಾರರು ನೋಡಲು ಬರುವ ದಿನ ಬೆಳಿಗ್ಗೆ, ಅವನು ಚಹಾಕ್ಕೆ ಹೋದಾಗ, ಆ ಫೈಲಿನ ಮೇಲೆ ‘ಶ್ರೀ’ ಎಂದು ಹೊಡೆದೆ. ಕೆಳಗೆ, ಮಿಲ್ಲಿನ ಹಳೆಯ ಪ್ರೋಗ್ರಾಮಿನಲ್ಲಿ ಇದ್ದಂತೆಯೇ, ಕ್ಯಾಲೆಂಡರ್, ಬಟನ್ ಒಂದೊಂದಕ್ಕೂ ಒಂದು ಫೋಲ್ಡರಿನ ವಿಳಾಸ ಬರೆದೆ. ಪಾಪ, ಪ್ರೋಗ್ರಾಮ್ ನನ್ನನ್ನು ನಂಬಿತು! ತನ್ನ ಗಂಟು ಬಿಟ್ಟು ನಾನು ತೋರಿಸಿದ ಫೋಲ್ಡರಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಸಾಹುಕಾರರ ಎದುರು ಪುಟ ಬಣ್ಣಗೆಟ್ಟು ಬಂತು. ಬಟನ್ ಒತ್ತಿದರೂ ಮಿಸುಕಲಿಲ್ಲ. ಕ್ಯಾಲೆಂಡರ್ ತೆರೆಯಲೇ ಇಲ್ಲ.

“ಏನಪಾ, ಇದು ಪ್ರೋಗ್ರಾಮೋ, ಸುಣ್ಣ ಕಾಣದ ಗೋದಾಮಿನ ಗ್ವಾಡಿನೋ?” ಎಂದವರು ನನ್ನ ಕಡೆ ತಿರುಗಿದರು. “ಯಾರರ ಕೈ ಹಾಕೀರೇನ್ರಿ?”

“ಇಲ್ರೀ ಸಾವ್ಕಾರ್ರ” ಎಂದೆ.

ಅವನು ಫೈಲ್ ತೆರೆದ. ‘ಶ್ರೀ’ ನೋಡಿದ. ಅದನ್ನು ಬರೆಯದೆ ಪೆನ್ನು ಓಡಿಸದವನು ಆ ಮಿಲ್ಲಿನಲ್ಲಿ ನಾನೊಬ್ಬನೇ. ನಾಲ್ಕು ಸಾಲು ಅಳಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಸಾಹುಕಾರರು ಬೆನ್ನ ಹಿಂದೆಯೇ ನಿಂತಿದ್ದರು, ಅಳಿಸುವ ಮೊದಲೇ ಆ ‘ಶ್ರೀ’ ಅವರ ಕಣ್ಣಿಗೂ ಬೀಳುತ್ತಿತ್ತು. ಅವನು ಥಟ್ಟನೆ ಫೈಲ್ ಮುಚ್ಚಿ, “ನಂದ ತಪ್ಪರಿ” ಅಂದ.

ಅವನಿಗೆ ನೌಕರಿ ಸಿಗಲಿಲ್ಲ. ನಾನು ನಿವೃತ್ತಿಯವರೆಗೆ ಅದೇ ಕುರ್ಚಿಯಲ್ಲಿ ಕೂತೆ.

ಹೋದ ತಿಂಗಳು ನನಗೆ ಕಣ್ಣಿನ ಆಪರೇಶನ್ ಆಯಿತು. ಕಮಲಾಪುರದಿಂದ ಬಂದು ಅವನೇ ನನ್ನ ಕೈ ಹಿಡಿದು ಮನೆಗೆ ಕರೆತಂದ. ಒಂದು ಕಣ್ಣಿಗೆ ಪಟ್ಟಿ ಇತ್ತು, ಇನ್ನೊಂದು ಮೊದಲೇ ಮಂಜು. ಅವನ ಮುಖ ನೋಡಬೇಕಿರಲಿಲ್ಲ, ಧೈರ್ಯ ಬಂತು.

“ತಮ್ಮಾ, ಆವತ್ತ ಮಿಲ್ಲಿನಾಗ…”

“ಮೆಟ್ಟಲ ಬಂತ್ರಿ ಮಾವಾ, ಕಾಲ ಎತ್ತಿ ಇಡ್ರಿ.”

ಎತ್ತಿ ಇಟ್ಟೆ. ಅಲ್ಲಿ ಮೆಟ್ಟಿಲೇ ಇರಲಿಲ್ಲ.

ಬಾಯಿಂದ ಹೇಳಲು ಅವನು ಬಿಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ನನ್ನದು, ತಮ್ಮಾ ಚಂದ್ರಕಾಂತ.