ಮೈನಸ್ ಹದಿನೆಂಟರ ನಮ್ಮ ಭಾವ

ನಮ್ಮ ಭಾವನವರು ಮನುಷ್ಯರ ಮಾತನ್ನು ನಂಬುವುದಿಲ್ಲ. ಥರ್ಮಾಮೀಟರಿನ ಮಾತನ್ನು ಮಾತ್ರ ನಂಬುತ್ತಾರೆ. ಸುಳ್ಳು ಅನ್ನಿಸಿದರೆ ಆ ದಿನದ ಬೆಳಗನ್ನೇ ಕೇಳಿ. ಎಂದಿನಂತೆ ಗೇಟಿನ ಮುಂದೆ ಉದುರಿದ್ದ ಹೊಂಗೆ ಹೂ ಗುಡಿಸಿ, ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಹಾಕಿ, ಒಳಗೆ ಬಂದು ಇಡ್ಲಿ ಪಾತ್ರೆ ಇಳಿಸುತ್ತಿದ್ದೆ. ಮಹಡಿಯಿಂದ ಭಾವನವರ ಚಪ್ಪಲಿ ಸದ್ದು ಇಳಿದು ಬಂತು. ತಟ್ಟೆಯ ಮುಂದೆ ಕೂತರು, ಅಂಗಿ ಜೇಬಿನಿಂದ ಪೆನ್ನಿನಂಥದ್ದೊಂದನ್ನು ತೆಗೆದರು, ಅದರ ಸೂಜಿಯನ್ನು ನನ್ನ ಮಲ್ಲಿಗೆಯಂಥ ಇಡ್ಲಿಯ ಹೊಟ್ಟೆಗೆ ಚುಚ್ಚಿದರು!

“ಮೇಲೆ ಬಿಸಿ ಇದೆ, ನಡುವೆ ಸಾಲದಮ್ಮ. ಲೋಡ್ ಸರಿಯಾಗಿ ಜೋಡಿಸಿಲ್ಲ ನೀನು.”

ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಇಡ್ಲಿ ಮಾಡುತ್ತಿದ್ದೇನೆ. ಅದನ್ನು ಲೋಡ್ ಎಂದು ಕರೆದವರು ಪ್ರಪಂಚದಲ್ಲಿ ಇವರೊಬ್ಬರೇ.

ಭಾವ ಎಂದರೆ ನಮ್ಮ ಮನೆಯವರ ಅಣ್ಣ. ಬೆನ್ಸನ್ ಟೌನಿನ ಹಳೆಯ ಮನೆಯಲ್ಲಿ ಕೆಳಗೆ ನಾವು, ಮಹಡಿಯಲ್ಲಿ ಅವರು ಮತ್ತು ನನ್ನ ಓರಗಿತ್ತಿ. ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ. ಒಲೆ ಮೊದಲಿನಿಂದಲೂ ಒಂದೇ. ಭಾವನವರ ಉದ್ಯೋಗ, ಬೇರೆ ದೇಶಗಳಿಂದ ಹೆಪ್ಪುಗಟ್ಟಿಸಿದ ತರಕಾರಿ ತರಿಸಿ ಇಲ್ಲಿನ ಹೋಟೆಲುಗಳಿಗೆ ಮಾರುವುದು. ಥಾಯ್ಲೆಂಡಿನ ಎಳೆ ಜೋಳ, ವಿಯೆಟ್ನಾಮಿನ ಹಸಿ ಸೋಯಾ ಕಾಯಿ ಎಲ್ಲವೂ ಮೈನಸ್ ಹದಿನೆಂಟು ಡಿಗ್ರಿಯಲ್ಲಿ ಕಲ್ಲಾಗಿ ಹಡಗು ಹತ್ತಿ, ಚೆನ್ನೈನಲ್ಲಿ ಇಳಿದು, ವೈಟ್‌ಫೀಲ್ಡ್ ಕಡೆಯ ಕಂಟೇನರ್ ಡಿಪೋ ಸೇರಿ, ಆಮೇಲೆ ಗರುಡಾಚಾರ್‌ಪಾಳ್ಯದ ಅವರ ಕೋಲ್ಡ್ ಸ್ಟೋರೇಜಿಗೆ ಬರುತ್ತವೆ. ದಾರಿಯಲ್ಲಿ ಎರಡು ಬಾಗಿಲು. ಮೊದಲನೆಯದು ಸುಂಕದವರದು. ನಮ್ಮ ಸರ್ಕಾರದ ಜೊತೆ ಒಪ್ಪಂದವಿರುವ ದೇಶದ ಮಾಲಿಗೆ ಸುಂಕದಲ್ಲಿ ರಿಯಾಯಿತಿ ಉಂಟು. ಆದರೆ ತರಕಾರಿ ಅಲ್ಲೇ ಹುಟ್ಟಿ ಬೆಳೆದದ್ದು ಎಂಬುದಕ್ಕೆ ಪ್ರಮಾಣಪತ್ರ ಬೇಕು. ಎರಡನೆಯದು ಕ್ವಾರಂಟೈನಿನವರದು. ಹುಳುವಿಲ್ಲ, ರೋಗವಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು. ಒಬ್ಬರು ಹುಟ್ಟಿದ ಊರು ಕೇಳುತ್ತಾರೆ, ಇನ್ನೊಬ್ಬರು ಮೈಯಲ್ಲಿ ಐಬಿದೆಯೇ ಎಂದು ನೋಡುತ್ತಾರೆ. ಹೆಣ್ಣು ನೋಡಲು ಬಂದವರೂ ಇಷ್ಟೇ ತಾನೆ ಮಾಡುವುದು?

ತೊಂದರೆ ಏನೆಂದರೆ, ಭಾವನವರು ಈ ಎರಡು ಬಾಗಿಲನ್ನೂ ಮನೆಗೆ ತಂದು ಕೂರಿಸಿಬಿಟ್ಟಿದ್ದಾರೆ. ಮಾರ್ಕೆಟಿನಿಂದ ತಂದ ಸೊಪ್ಪು ನೇರವಾಗಿ ಅಡುಗೆಮನೆಗೆ ಹೋಗುವಂತಿಲ್ಲ; ವರಾಂಡದ ಕಲ್ಲುಬೆಂಚಿನ ಮೇಲೆ ಕೂತು ತಪಾಸಣೆಗೆ ಕಾಯಬೇಕು. ಪಕ್ಕದ ಮನೆಯವರು ಪ್ರೀತಿಯಿಂದ ಕರಿಬೇವು ಕೊಟ್ಟರೆ, ಯಾವ ಮರದ್ದು, ಯಾರು ಕಿತ್ತದ್ದು ಎಂಬ ವಿಚಾರಣೆ. ಒಮ್ಮೆ ನನ್ನ ಅಮ್ಮ ಮೈಸೂರಿನಿಂದ ಒಂದು ಚೀಲ ಈರನಗೆರೆ ಬದನೆಕಾಯಿ ಹೊತ್ತು ಬಂದರು. ಬಂದವರಿಗೆ ನೀರು ಕೊಡುವ ಮೊದಲೇ ಭಾವನವರು ಚೀಲ ನೋಡಿ, ದಾರಿಯಲ್ಲಿ ಎಲ್ಲಾದರೂ ಬಿಚ್ಚಿದಿರಾ ಎಂದು ವಿಚಾರಿಸಿದರು. ಅಮ್ಮ ಪಾಪ, ಮದ್ದೂರಿನಲ್ಲಿ ವಡೆ ತಿನ್ನುವಾಗ ಎದುರು ಸೀಟಿನಾಕೆಗೆ ನಾಲ್ಕು ಬದನೆಕಾಯಿ ಕೊಟ್ಟೆ ಎಂದು ಸತ್ಯ ಹೇಳಿದರು.

“ಹೋಯ್ತು ಬಿಡಿ” ಎಂದರು ಭಾವ. “ಹೊರಟ ಕಡೆಯಿಂದ ಸೀದಾ ಬರ್ಬೇಕು. ನಡುದಾರೀಲಿ ಬಿಚ್ಚಿದ ಮಾಲಿಗೆ ರಿಯಾಯಿತಿ ಇಲ್ಲ.”

ಅಮ್ಮ ಸೆರಗಿನಿಂದ ಬೆವರೊರೆಸಿಕೊಂಡು, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು ಎಂದು ನನ್ನ ಕಡೆ ನೋಡಿದರು. ಆ ಗಾದೆಗೆ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕಿರಲಾರದು.

ಇಷ್ಟೆಲ್ಲ ಮಾಡುವ ಈ ಮಹಾಶಯರು ತಾವು ತರಿಸಿದ ತರಕಾರಿಯ ಒಂದು ಕಾಳನ್ನೂ ಬಾಯಿಗೆ ಹಾಕಿಕೊಂಡವರಲ್ಲ! ಕಾರಣ ಅಕ್ಕ. ಅಕ್ಕನಿಗೆ ತರಕಾರಿ ಎಂದರೆ ಕಣ್ಣಿಗಲ್ಲ, ಮೂಗಿಗೆ; ವಾಸನೆ ಸತ್ತ ಹೆಪ್ಪುಗಟ್ಟಿದ ಮಾಲನ್ನು ಅವರು ಒಲೆಯ ಹತ್ತಿರ ಬಿಟ್ಟವರೇ ಅಲ್ಲ. ಶಿವಾಜಿನಗರದ ಮಾರ್ಕೆಟಿನಲ್ಲಿ ಅವರು ಮೂಗಿನಿಂದಲೇ ವ್ಯಾಪಾರ ಮಾಡುತ್ತಿದ್ದರು. ಅವರೆಕಾಯಿ ಕಾಲದಲ್ಲಿ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕಾಯಿ ಒಡೆದು ಮೂಸಿ, ಇದು ನೆನ್ನೆಯದ್ದು, ಇದಕ್ಕೆ ಸೊಗಡಿಲ್ಲ ಎಂದು ಎದ್ದುಬಿಡುವರು. ಖಾಯಂ ಅಂಗಡಿಯ ಸಾಬರು ಇವರನ್ನು ದೂರದಿಂದ ಕಂಡರೇ ಕೈ ಮುಗಿಯುತ್ತಿದ್ದರು. “ಅಮ್ಮಾ, ಮೂಗು ಮಾತ್ರ ಹಾಕ್ಬೇಡಿ, ರೇಟು ನಾನೇ ಕಮ್ಮಿ ಮಾಡ್ತೀನಿ” ಎಂದು ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಮೂಗು ಹೋಯಿತು. ಒಂದು ಜ್ವರ ಬಂತು, ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನು ಜೊತೆಗೆ ಕರೆದುಕೊಂಡು ಹೋಯಿತು. ಅಕ್ಕ ಯಾರಿಗೂ ಹೇಳಲಿಲ್ಲ. ನಮಗೆ ಗೊತ್ತಾದದ್ದು ಅವರು ಹಿತಕಿದ ಅವರೆಬೇಳೆ ಸಾರು ಮಾಡಿದ ದಿನ. ರುಬ್ಬಿ ಹಾಕಿದ್ದ ಕೊಬ್ಬರಿ ಕಮಟಾಗಿತ್ತು. ಅಕ್ಕ ಸಂತೋಷದಿಂದ ಬಡಿಸುತ್ತಾ ಸೊಗಡು ಹೇಗಿದೆ ಎಂದು ಕೇಳಿದರು. ನಾವು ತಲೆ ತಗ್ಗಿಸಿ, ಬಹಳ ಚೆನ್ನಾಗಿದೆ ಎಂದು ಉಂಡೆವು. ನಾವು ಉಂಡ ರೀತಿಯಲ್ಲೇ ಅವರಿಗೆ ತಿಳಿದುಹೋಯಿತು. ಮಾರನೆಯ ದಿನದಿಂದ ಅಡುಗೆಮನೆಗೆ ಬರುವುದನ್ನು ಬಿಟ್ಟರು. ಮಾರ್ಕೆಟ್ಟಿಗೆ ಕರೆದರೆ ಮಂಡಿನೋವು ಎಂದರು. ಒಂದು ಸಂಜೆ ಮಹಡಿಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಹೇಳಿದರು: “ಮಗು ಎತ್ಕೊಂಡ್ರೂ ಗೊಂಬೆ ಎತ್ಕೊಂಡ ಹಾಗಿರತ್ತೆ ಕಣೆ. ನೆತ್ತಿ ವಾಸನೇನೇ ಇಲ್ಲ.”

ಡಾಕ್ಟರು, ಬರಬಹುದು, ಬರದೆಯೂ ಇರಬಹುದು, ದಿನಾ ಬೆಳಿಗ್ಗೆ ಸಂಜೆ ಘಾಟಾದದ್ದನ್ನು ಮೂಸಿಸುತ್ತಿರಿ ಎಂದರು. ಬೇರೆ ಗಂಡಸರಾಗಿದ್ದರೆ ಇದನ್ನು ಸಲಹೆ ಎಂದುಕೊಳ್ಳುತ್ತಿದ್ದರು. ಭಾವನವರು ಆರ್ಡರ್ ಎಂದುಕೊಂಡರು. ಲವಂಗ ಬಂತು, ಇಂಗು ಬಂತು, ಆಗ ತಾನೇ ಹುರಿದ ಕಾಫಿಪುಡಿ ಬಂತು. ಅಕ್ಕ ಒಂದೊಂದನ್ನೂ ಮೂಸಿ, ಇಲ್ಲ ರೀ ಎಂದು ಡಬ್ಬಿ ವಾಪಸು ಕೊಟ್ಟರು. ಕೊನೆಗೊಂದು ದಿನ ಭಾವ ಎದ್ದು ನಿಂತು, “ಲೋಕಲ್ ಸಪ್ಲೈ ಫೇಲು. ಇಂಪೋರ್ಟ್ ಮಾಡ್ತೀನಿ” ಎಂದು ಘೋಷಿಸಿದರು.

ಅಂದಿನಿಂದ ಅವರ ಪ್ರತಿ ಕಂಟೇನರಿನ ಮೂಲೆಯಲ್ಲೂ ಒಂದು ಪುಟ್ಟ ಪೆಟ್ಟಿಗೆ ಬರತೊಡಗಿತು. ಒಂದರಲ್ಲಿ ನಿಂಬೆ ಎಲೆ, ಇನ್ನೊಂದರಲ್ಲಿ ಶುಂಠಿಯ ದಾಯಾದಿಯಂಥ ಗಡ್ಡೆ, ಮತ್ತೊಂದರಲ್ಲಿ ಹೆಸರು ಹೇಳಲು ನನ್ನ ನಾಲಿಗೆ ಹೊರಳದ ಸೊಪ್ಪು. ಅಷ್ಟೇ ಅಷ್ಟು ಮಾಲಿಗೂ ಎರಡು ಬಾಗಿಲು, ಎರಡು ಪ್ರಮಾಣಪತ್ರ! ಇದನ್ನು ಯಾವ ಹೋಟೆಲಿನವರು ಕೊಳ್ಳುತ್ತಾರೆ ಎಂದು ನಮ್ಮ ಮನೆಯವರು ಅಣ್ಣನನ್ನು ರೇಗಿಸಿದರೆ, ಇದು ಮಾರುವುದಕ್ಕಲ್ಲ, ಮೂಸುವುದಕ್ಕೆ ಎಂಬ ಗಂಭೀರ ಉತ್ತರ. ಮೂಸುವುದಕ್ಕಾಗಿ ತರಕಾರಿ ಆಮದು ಮಾಡಿಕೊಂಡ ಇನ್ನೊಬ್ಬ ವ್ಯಾಪಾರಿಯನ್ನು ನೀವು ನೋಡಿದ್ದರೆ ನನಗೆ ತಿಳಿಸಿ. ಅಕ್ಕ ಎಲ್ಲವನ್ನೂ ಕರಗಿಸಿ, ಮೂಸಿ, ಇಲ್ಲ ರೀ ಎನ್ನುತ್ತಲೇ ಬಂದರು. ಆ ‘ಇಲ್ಲ ರೀ’ ಪ್ರತಿಸಲವೂ ಸ್ವಲ್ಪ ಸಣ್ಣದಾಗುತ್ತಿತ್ತು. ಇನ್ನು ಬೇಡ ಎಂದು ಅವರು ಹೇಳುವ ದಿನ ದೂರವಿಲ್ಲ ಎಂದು ನನಗೆ ಭಯ.

ಆ ಬೆಳಿಗ್ಗೆ ನನ್ನ ಇಡ್ಲಿಯನ್ನು ಫೇಲು ಮಾಡಿ ಭಾವ ಹೊರಟದ್ದು ಇಂಥದೇ ಒಂದು ಪೆಟ್ಟಿಗೆಗೆ. ಈ ಸಲ ಬಂದಿದ್ದದ್ದು ಥಾಯ್ಲೆಂಡಿನ ಸತೋ ಕಾಳು. ಅವರೆಯನ್ನು ಯಾರೋ ಭೂತಗನ್ನಡಿಯಲ್ಲಿ ನೋಡಿದ ಹಾಗೆ ದಪ್ಪಕ್ಕೆ, ಹಸಿರಾಗಿ ಇರುತ್ತದಂತೆ. ಆ ಕಾಳಿಗೆ ಇಂಗ್ಲಿಷಿನವರು ಇಟ್ಟ ಹೆಸರೇ ‘ನಾರುವ ಬೀನ್ಸು’!

ಮಧ್ಯಾಹ್ನ ಫೋನು ಬಂತು. ದನಿ ಇಳಿದಿತ್ತು.

“ಪೂರ್ತಿ ಸುಂಕ ಕಟ್ಬಿಟ್ಟೆ ಅಮ್ಮ” ಎಂದರು, ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ.

ಆಗಿದ್ದಿಷ್ಟು. ಅಲ್ಲಿ ಮಾಲು ಕಳಿಸಿದವನು ಪ್ರಮಾಣಪತ್ರದಲ್ಲಿ ಸುಂಕದ ಪಟ್ಟಿಯಲ್ಲಿರುವ ಸತೋ ಕಾಳಿನ ಸಂಖ್ಯೆಯ ಬದಲು ಸೋಯಾ ಕಾಯಿಯ ಸಂಖ್ಯೆ ಬರೆದಿದ್ದ. ತಿದ್ದಿದ ಪತ್ರ ತರಿಸಿದರೆ ರಿಯಾಯಿತಿ ಸಿಗುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಒಂದು ಮೂಟೆ ಜೋಳದ ರಿಯಾಯಿತಿಗಾಗಿ ಕಚೇರಿಯ ಬೆಂಚು ಸವೆಸಿದ ಮನುಷ್ಯ ಇವರು. ಇವತ್ತು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಲಾರಿಗಳ ಹಾರನ್ನಿನ ನಡುವೆ, “ನಿಮ್ಮಕ್ಕ ನೆನ್ನೆ, ಇದೇ ಕೊನೇದು, ಇನ್ಮೇಲೆ ತರ್ಬೇಡಿ ಅಂದ್ಲು” ಎಂದರು.  ಆಮೇಲೆ ಕ್ವಾರಂಟೈನಿನ ಕತೆ ಹೇಳಿದರು. ಪರೀಕ್ಷೆಗೆಂದು ತೆಗೆದ ನಾಲ್ಕು ಕಾಳು ಮೇಜಿನ ಮೇಲೆ ಕರಗಿತಂತೆ. ಅಧಿಕಾರಿ ಕಿಟಕಿ ತೆರೆಸಿ, ಕರವಸ್ತ್ರ ಹಿಡಿದು, ಹುಳುವೂ ಇಲ್ಲ ರೋಗವೂ ಇಲ್ಲ, ದಯವಿಟ್ಟು ಬೇಗ ತೆಗೆದುಕೊಂಡು ಹೋಗಿ ಸ್ವಾಮಿ ಎಂದರಂತೆ. ಭಾವನವರ ಕಸುಬಿನಲ್ಲೇ ಅಷ್ಟು ಬೇಗ ಪಾಸಾದ ಮಾಲು ಇನ್ನೊಂದಿಲ್ಲ.

ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಆಟೋದಲ್ಲಿ ಹೊರಟರು. ಟಿನ್ ಫ್ಯಾಕ್ಟರಿ ಹತ್ತಿರ ಇದ್ದೇನೆ, ಮೈನಸ್ ಹದಿನಾರು ಎಂದು ಫೋನು. ಸ್ವಲ್ಪ ಹೊತ್ತಿಗೆ, ಇನ್ನೂ ಟಿನ್ ಫ್ಯಾಕ್ಟರಿಯಲ್ಲೇ ಇದ್ದೇನೆ, ಮೈನಸ್ ಹನ್ನೊಂದು. ಕೆ.ಆರ್. ಪುರದ ಟ್ರಾಫಿಕ್ಕನ್ನು ಡಿಗ್ರಿಯಲ್ಲಿ ಅಳೆದ ಮೊದಲಿಗರು ನಮ್ಮ ಭಾವನವರೇ ಇರಬೇಕು. ಹಲಸೂರು ದಾಟುವ ಹೊತ್ತಿಗೆ ಆಟೋದವರೇ ಮೂಗಿಗೆ ಟವೆಲು ಸುತ್ತಿಕೊಂಡಿದ್ದರಂತೆ.

ಪೆಟ್ಟಿಗೆ ಬಿಚ್ಚಿದೆವು. ಏನೆಂದು ಹೇಳಲಿ? ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು, ನಾಲ್ಕು ಜನರೆದುರು ಮೂಗು ಮುಚ್ಚಿಕೊಳ್ಳುವುದು ಮರ್ಯಾದೆಯಲ್ಲ ಎಂದು ಕಲಿಸಿದ್ದರು. ಅವರಿಗೆ ಈ ಕಾಳು ಗೊತ್ತಿರಲಿಲ್ಲ. ನಾನು ಸೆರಗನ್ನು ಎರಡು ಸುತ್ತು ಬಿಗಿದು ಕಟ್ಟಿಕೊಂಡೆ. ಭಾವ ಮಾತ್ರ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮೂಗು ಮುಟ್ಟಲಿಲ್ಲ. ಹೆಂಡತಿಗಿಲ್ಲದ ಅನುಕೂಲ ತನಗೇಕೆ ಎಂದುಕೊಂಡರೋ ಏನೋ.

ಅಕ್ಕ ಕೆಳಗಿಳಿದು ಬಂದರು. ಕಾಳನ್ನು ಅಂಗೈಯಲ್ಲಿಟ್ಟು ನೋಡಿದರು, ಎರಡು ಬೆರಳ ನಡುವೆ ಹಿಡಿದರು. ಆಮೇಲೆ ಯಾರನ್ನೂ ಕೇಳದೆ ಅಡುಗೆಮನೆಯ ನೆಲದ ಮೇಲೆ ಕೂತು, ಬಿಸಿನೀರಿಗೆ ಕಾಳು ಹಾಕಿ, ಅವರೆಕಾಳು ಹಿತಕುವ ಹಾಗೆಯೇ ಪಚಕ್ ಪಚಕ್ ಎಂದು ಸಿಪ್ಪೆ ಬಿಡಿಸತೊಡಗಿದರು. ಸತೋ ಕಾಳಿನಲ್ಲಿ ಹಿತಕಿದ ಬೇಳೆ ಸಾರು! ಇಂಥ ಅಪರಾಧ ಬೆಂಗಳೂರಿನವರನ್ನು ಬಿಟ್ಟರೆ ಭೂಮಂಡಲದಲ್ಲಿ ಇನ್ಯಾರೂ ಮಾಡಲಾರರು. ಆದರೆ ಅಕ್ಕ ಎಷ್ಟೋ ಕಾಲದ ಮೇಲೆ ಆ ನೆಲದ ಮೇಲೆ ಕೂತಿದ್ದರು. ಬೇಡ ಎನ್ನುವ ಬಾಯಿ ನನಗಿರಲಿಲ್ಲ. ಧನಿಯಾ, ಚಕ್ಕೆ, ಕಾಯಿ ಎಲ್ಲ ರುಬ್ಬಿ ಕೊಟ್ಟೆ. ಸಾರು ಕುದಿಯಿತು. ಬೀದಿನಾಯಿ ಎದ್ದು ಆಚೆ ರಸ್ತೆಗೆ ಹೋಯಿತು.

ಭಾವ ಒಂದು ಸೌಟು ಸಾರನ್ನು ಅಕ್ಕನ ಮುಖದ ಹತ್ತಿರ ಹಿಡಿದರು.

“ಬಂತೇನೇ?”

ಅಕ್ಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. 

“ಇಲ್ಲ ರೀ” ಎಂದರು. ಗಂಡನ ಮುಖ ನೋಡಿ, “ಕೈಗೆ ಮಾತ್ರ ಥೇಟ್ ಅವರೆಕಾಳೇ” ಎಂದು ಸೇರಿಸಿದರು. ಸಮಾಧಾನ ಬೇಕಾಗಿದ್ದದ್ದು ಯಾರಿಗೆ, ಹೇಳುತ್ತಿದ್ದದ್ದು ಯಾರು!

ಭಾವ ಸೌಟು ಇಳಿಸಿದರು. ಅಕ್ಕ ಕೈ ತೊಳೆದುಕೊಂಡು, ಬಟ್ಟೆ ತೆಗೆಯಬೇಕು ಎಂದು ತಾರಸಿಗೆ ಹೊರಟುಹೋದರು. ಭಾವ ಥರ್ಮಾಮೀಟರನ್ನು ಜೇಬಿಗೆ ಹಾಕಿಕೊಳ್ಳುವುದನ್ನೂ ಮರೆತು, ಖಾಲಿ ಪೆಟ್ಟಿಗೆಯನ್ನು ಹಿಡಿದು ಅಂಗಳದ ನಲ್ಲಿಯ ಹತ್ತಿರ ನಿಂತರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಚಿಕ್ಕದಾಗಿ ಕಂಡದ್ದನ್ನು ನಾನು ನೋಡಿರಲಿಲ್ಲ. ಮುಂದಿನ ಕಂಟೇನರಿನ ಮಾತು ಬರಲಿಲ್ಲ. 

ಇನ್ನೂ ಬೆಳಕಿತ್ತು. ಗೇಟು ತಳ್ಳಿಕೊಂಡು ಪಕ್ಕದ ಮನೆಯ ಆಂಟಿ ಬಂದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಕೈಯಲ್ಲೊಂದು ಕಪ್ಪಾದ ಪಾತ್ರೆ. ಈ ಗಬ್ಬಿಗೆ ಜಗಳಕ್ಕೇ ಬಂದರು ಎಂದು ನಾನು ಕ್ಷಮೆಯ ಮಾತು ಜೋಡಿಸಿಕೊಳ್ಳುತ್ತಿದ್ದೆ.

“ಸ್ವಲ್ಪ ಹುಣಸೆಹಣ್ಣು ಕೊಡಿಮ್ಮಾ, ತಿಕ್ಕಬೇಕು” ಎಂದರು. “ಹಾಲಿಟ್ಟು ಟೀವಿ ಮುಂದೆ ಕೂತ್ಬಿಟ್ಟೆ. ನಿಮ್ಮನೆ ನಾತದಲ್ಲಿ ನನ್ನ ಮೂಗೇ ಸತ್ತೋಗಿತ್ತು, ಸೀದಿದ್ದು ಗೊತ್ತೇ ಆಗ್ಲಿಲ್ಲ. ನಿಮ್ಮಕ್ಕ ತಾರಸಿಯಿಂದ ಕೂಗಿ ಹೇಳಿದ್ರಲ್ಲ, ಸದ್ಯ.”

ನಲ್ಲಿಯ ನೀರು ಪೆಟ್ಟಿಗೆ ತುಂಬಿ ಭಾವನವರ ಪಾದದ ಮೇಲೆ ಹರಿಯುತ್ತಿತ್ತು. ಅವರು ನಲ್ಲಿ ನಿಲ್ಲಿಸಲಿಲ್ಲ.

“ಏನಂತ ಕೂಗಿದ್ಲು?” ಎಂದು ಮೆಲ್ಲಗೆ ಕೇಳಿದರು.

“ಇನ್ನೇನಂತ ಕೂಗ್ತಾರೆ? ಹಾಲು ಹತ್ತಿದ ವಾಸನೆ ಬರ್ತಿದೆ, ನೋಡ್ರೀ ಅಂದ್ರು. ಅಲ್ಲ ಸಾರ್, ನೀರು ಸುಮ್ನೆ ಹೋಗ್ತಿದೆ, ಮೊದ್ಲು ಆ ನಲ್ಲಿ ನಿಲ್ಸಿ.”