ನೆಹೆಮೀಯ ಕಟಗೇರಿಯ ಗರ್ದಭಗಣನಾಪರ್ವ

ಎಲೈ ಚಂಚಲೆಯಾದ ವಿದ್ಯುತ್ತೇ! ಬೆಟಗೇರಿಯ ಕಂಬದಿಂದ ಕಂಬಕ್ಕೆ ಹಾರುವವಳೇ, ಕರೆದಾಗ ಬಾರದೆ ಕರೆಯದಾಗ ಬಂದು ಬಲ್ಬು ಸುಡುವವಳೇ, ಈ ಗಾಥೆ ಮುಗಿಯುವ ತನಕ ಒಂದಿಷ್ಟು ನಿಲ್ಲು. ಸಿಡಿಯೆಂಬ ರಜತಚಕ್ರಗಳು ಗಿರಗಿರನೆ ತಿರುಗಿ ಜ್ಞಾನವನ್ನು ಕಡೆಯುತ್ತಿದ್ದ ಯುಗವನ್ನು ಹಾಡುತ್ತೇನೆ. ಆ ಚಕ್ರದ ಮೇಲೊಂದು ಗೀರು ಬಿದ್ದರೆ ಗಟ್ಟಿ ಗಂಡಸರೂ ಅಂಗಿಯ ತುದಿಯಿಂದ ಒರೆಸುತ್ತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ ಕಾಲವದು. ಆ ಯುಗ ಮುಗಿದರೂ ಅದರ ಬಾಲವನ್ನು ಬಿಡದೆ ಹಿಡಿದಿದ್ದ ಮೂಷಕಪಾಣಿಯನ್ನು, ಕೀಲಿಮಣೆವಿಶಾರದನನ್ನು, ಜೀರ್ಣಗಣಕಪುನರುಜ್ಜೀವನಧುರಂಧರನಾದ ನೆಹೆಮೀಯ ಕಟಗೇರಿಯನ್ನು ಹಾಡುತ್ತೇನೆ.

ಈ ಧೀರನು ಗದಗ ರೈಲು ನಿಲ್ದಾಣದ ಟಿಕೇಟು ಕಿಟಕಿಯ ಹಿಂದೆ ಕುಳಿತೇ ತಲೆ ಬೆಳ್ಳಗೆ ಮಾಡಿಕೊಂಡವನು. ಕಿಟಕಿಯ ಆ ಸಣ್ಣ ಕಿಂಡಿಯಲ್ಲಿ ಜಗತ್ತು ಅವನಿಗೆ ಬರೀ ಕೈಗಳಾಗಿ ಕಂಡಿತ್ತು. ಬಳೆಯ ಕೈ, ಬೀಡಿವಾಸನೆಯ ಕೈ, ಅವಸರದ ಕೈ. "ಚಿಲ್ರೆ ಕೊಡ್ರಿ" ಎಂಬುದರ ಆಚೆ ಅವನ ಮಾತನ್ನು ಯಾರೂ ಕೇಳಿದವರಲ್ಲ. ಆದ್ದರಿಂದ ಅವನ ಎದೆಯಲ್ಲಿ ಒಂದೇ ಆಸೆ ಬೇರುಬಿಟ್ಟಿತ್ತು: ಸಾಯುವುದರೊಳಗೆ ಒಂದು ಭಾನುವಾರ ಬೆಟಗೇರಿಯ ಕ್ರೈಸ್ತ ದೇವಾಲಯದ ಪ್ರಸಂಗಪೀಠವನ್ನೇರಿ, ಸಭೆಯೆಲ್ಲ ತನ್ನ ಮುಖ ನೋಡುತ್ತಿರಲು, ಸತ್ಯವೇದವೆಂಬ ಬೈಬಲ್ಲಿನಿಂದ ಒಂದು ಪ್ರಸಂಗ ಮಾಡಬೇಕು. ಅಂಥ ಪ್ರಸಂಗಕ್ಕೆ ತಯಾರಿ ಬೇಕು, ತಯಾರಿಗೆ ಆಯುಧ ಬೇಕು, ಆಯುಧವೆಂದರೆ ಸತ್ಯವೇದ ಅಭ್ಯಾಸದ ಸಾಫ್ಟ್‌ವೇರು. ಹೀಗೆ ಆ ಕಾಲದಲ್ಲಿ ಅವನು ಮೊದಲ ಗಣಕವನ್ನು ಮನೆಗೆ ತಂದ.

ಆ ದಿನ ಅವನ ಧರ್ಮಪತ್ನಿ ದೊರ್ಕಮ್ಮ ಹಿಟ್ಟಿನ ಗಿರಣಿಯಿಂದ ಡಬ್ಬಿ ಹೊತ್ತು ಬಂದು ನೋಡುತ್ತಾಳೆ, ಗಂಡ ಪರದೆಯ ಮುಂದೆ ಬಾಯಿ ತೆರೆದು ಕೂತಿದ್ದಾನೆ. "ನಾ ಅಲ್ಲಿಂದ ಹೊತ್ಕೊಂಡು ಬರಾಕತ್ತೇನಿ, ನೀವಿಲ್ಲಿ ಕತ್ತೆ ಹಂಗ ಕುಂತೀರಲ್ರಿ!" ಎಂದಳು. ಅದೇ ಗಳಿಗೆಯಲ್ಲಿ ಗಣಕವು, ಯಾವ ಪದವನ್ನು ಹುಡುಕಲಿ ಎಂದು ಕೇಳುತ್ತಿತ್ತು. ಕಿವಿಗೆ ಬಿದ್ದ ಪದವನ್ನೇ ನಮ್ಮ ವೀರ ಇಂಗ್ಲಿಷಿನಲ್ಲಿ ಒತ್ತಿದ. ಸತ್ಯವೇದದ ಸಮಸ್ತ ಕತ್ತೆಗಳೂ ಕ್ಷಣಾರ್ಧದಲ್ಲಿ ಸಾಲುಗಟ್ಟಿ ನಿಂತವು. ಅಂದಿನಿಂದ ಯಾವ ಹೊಸ ಸಾಫ್ಟ್‌ವೇರು ಬಂದರೂ ಅವನ ಒರೆಗಲ್ಲು ಅದೊಂದೇ. ಪರೀಕ್ಷಿಸುವವನು ಪರೀಕ್ಷೆಯನ್ನು ಬದಲಿಸಬಾರದು ಎಂಬುದು ಅವನ ವ್ರತ.

ಮೊದಲ ಆಯುಧ 'ಲ್ಯಾಂಪ್‌ಸ್ಟ್ಯಾಂಡ್'. ಕಪ್ಪು ಪರದೆ, ಹಳದಿ ಅಕ್ಷರ, ಬೆಡಗಿಲ್ಲ, ಬಿನ್ನಾಣವಿಲ್ಲ. ಗುಂಡಿಯಿಂದ ಬೆರಳೆತ್ತುವುದರೊಳಗೆ ವಚನ ಮುಂದೆ ನಿಂತಿರುತ್ತಿತ್ತು. ಎರಡನೆಯದು 'ಸ್ಕ್ರೋಲ್‌ಮೇಟ್'. ಅದು ಬಣ್ಣಬಣ್ಣದ ನಕಾಶೆ ತೋರಿಸುತ್ತಿತ್ತು, ತೆರೆಯುವಾಗ ಆರ್ಗನ್ನು ಬಾರಿಸುತ್ತಿತ್ತು. ಆದರೆ ಆ ಸಂಗೀತ ಮುಗಿದು ಮೊದಲ ಪುಟ ಕಾಣುವುದರೊಳಗೆ ಅಡಿಗೆಮನೆಯಲ್ಲಿ ಹಾಲು ಕಾದು, ಉಕ್ಕಿ, ದೊರ್ಕಮ್ಮ ಒಲೆ ಒರೆಸಿ ಬೈದೂ ಆಗಿರುತ್ತಿತ್ತು. ಮೂರನೆಯದು 'ವರ್ಡ್‌ವೆಲ್'. ಅದರ ಹೊಟ್ಟೆಯಲ್ಲಿ ಪಂಡಿತರ ಹಿಂಡೇ ಇತ್ತು, ಒಬ್ಬರ ಮಾತಿಗೆ ಇನ್ನೊಬ್ಬರು ಒಪ್ಪುತ್ತಿರಲಿಲ್ಲ. ಒಂದು ಕಿಟಕಿ ತೆರೆದರೆ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ತೆರೆದು, ಕೊನೆಗೆ ಯಾವ ವಚನಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದೇ ಮುಚ್ಚಿಹೋಗುತ್ತಿತ್ತು. ನೆಹೆಮೀಯನು ಇವುಗಳನ್ನು ತೂಗಿದ, ಅಳೆದ, ತೆಗೆದುಹಾಕಿದ, ಮತ್ತೆ ಹಾಕಿದ. ಲ್ಯಾಂಪ್‌ಸ್ಟ್ಯಾಂಡ್ ಹೊಸ ಗಣಕಗಳಲ್ಲಿ ಉಸಿರಾಡದೆಂದು ತಿಳಿದು ಹಳೆಯ ಗಣಕವನ್ನು ಹೊಸ ಅಳಿಯನಂತೆ ಸಾಕಿದ. ಹೀಗೆ ಇಪ್ಪತ್ತು ವರ್ಷ ಕಳೆದವು. ಇಷ್ಟರಲ್ಲಿ ಅವನು ಸತ್ಯವೇದವನ್ನು ಓದಿದನೇ ಎಂದು ಕೇಳಬೇಡಿ. ಉತ್ತಮವಾದದ್ದು ಯಾವುದೆಂದು ಗೊತ್ತಾದ ಮೇಲೆ ಓದುವವನಿದ್ದ.

ಇಂಥವನಿಗೆ ಎದುರಾಳಿಯಿಲ್ಲದೆ ಇದ್ದೀತೇ? ಇದ್ದನು, ಬರ್ನಬ ಹೊಸಮನಿ ಮಾಸ್ತರನು, ನಿವೃತ್ತ ಗಣಿತಶಿಕ್ಷಕನು, ನಿದ್ರಾಳುಬಾಲಕಲಲಾಟಲಕ್ಷ್ಯಸೀಮೆಸುಣ್ಣಶರಸಂಧಾನನಿಪುಣನು! ವರ್ಡ್‌ವೆಲ್ ಅವನ ಇಷ್ಟಾಯುಧ. ಪ್ರಸಂಗಪೀಠದ ಮೇಲೆ ಅವನಿಗೂ ಕಣ್ಣಿತ್ತು.

ಒಂದು ಸೋಮವಾರ ಸಭಾಪಾಲಕರಾದ ಸತ್ಯವಂತ ಅಯ್ಯನವರು ಸೈಕಲ್ ಮೋಟರು ನಿಲ್ಲಿಸಿ ನೆಹೆಮೀಯನ ಬಾಗಿಲಲ್ಲಿ ನಿಂತರು. "ಕಟಗೇರಿಯವರ, ಬರೂ ಐತವಾರ ಆರಾಧನಿ ನಡಸೂದು ಗಂಡಸರ ಪಾಳಿ. ನಂದು ಹುಬ್ಬಳ್ಳ್ಯಾಗ ಮೀಟಿಂಗ್ ಐತಿ. ಪ್ರಸಂಗ ನೀವ ಮಾಡ್ರಿ. ವಿಷಯ ದೇವರ ರಾಜ್ಯ. ಆಗದಿದ್ರ ಈಗ ಹೇಳಿಬಿಡ್ರಿ, ಹೊಸಮನಿ ಮಾಸ್ತರು ತಯಾರ ಅದಾರ."

"ಆಕ್ಕೈತ್ರಿ, ಆಕ್ಕೈತಿ!" ಎಂದ ನೆಹೆಮೀಯ. ಅವನ ಕಣ್ಣು ತೇವವಾಯಿತು. ಇಷ್ಟು ವರ್ಷ ಕಾದ ರೈಲು ಕೊನೆಗೂ ಪ್ಲಾಟ್‌ಫಾರ್ಮಿಗೆ ಬಂದಿತ್ತು.

ಅಂದೇ ಅವನು ಕಾರ್ಯಾರಂಭ ಮಾಡಿದ. ಆದರೆ ಯಾವ ಸಾಫ್ಟ್‌ವೇರಿನಲ್ಲಿ ತಯಾರಿ? ಇಂಥ ಮಹತ್ಕಾರ್ಯಕ್ಕೆ ಅಂತಿಮ ಹೋಲಿಕೆಯೊಂದು ಆಗಲೇಬೇಕಲ್ಲ! ಮಂಗಳವಾರವಿಡೀ ಅವನು ಲ್ಯಾಂಪ್‌ಸ್ಟ್ಯಾಂಡಿನಲ್ಲಿ ಕತ್ತೆಗಳನ್ನು ಎಣಿಸಿದ. ಬುಧವಾರ ಸ್ಕ್ರೋಲ್‌ಮೇಟ್ ತೆರೆಯಿತು. ಗುರುವಾರ ಹೊಸಮನಿ ಮಾಸ್ತರನಿಗೆ ಫೋನು ಮಾಡಿ, ವರ್ಡ್‌ವೆಲ್ಲಿನ ಲೆಕ್ಕ ಕೇಳಿದ. ಮಾಸ್ತರನು ಎಣಿಸಿ ಹೇಳಿದ ಸಂಖ್ಯೆ ಕೇಳಿ ನೆಹೆಮೀಯನ ಕೈಯಿಂದ ಫೋನು ಜಾರಿತು.

"ನಿಮ್ಮದರಾಗ ಒಂದು ಹಿಂಡು ಕತ್ತೆ ಕಡಿಮಿ ಅದಾವ ನೋಡ್ರಿ," ಎಂದಿತು ನೆಲದ ಮೇಲೆ ಬಿದ್ದ ಫೋನು. "ಇಪ್ಪತ್ತು ವರ್ಷ ಒಡಕು ದೊಡ್ಡ್ಯಾಗ ಕತ್ತೆ ಕಟ್ಟೀರಿ."

ಅಬ್ಬಾ! ಬೆಟಗೇರಿಯ ಮಗ್ಗಗಳು ತಮ್ಮ ಲಾಳಿಯನ್ನು ಮರೆತವೋ! ಗದಗಿನ ಮಿರ್ಚಿಭಜಿಗಳು ಎಣ್ಣೆಯಲ್ಲೇ ತಣ್ಣಗಾದವೋ! ಶನಿವಾರ ಮಧ್ಯಾಹ್ನ ದೇವಾಲಯದ ಪಕ್ಕದ ಸಂಡೇಸ್ಕೂಲ್ ಕೋಣೆಯೇ ರಣಾಂಗಣವೆಂದು ನಿಶ್ಚಯವಾಯಿತು. ಮಾಸ್ತರನು ಬಗಲಲ್ಲಿ ಲ್ಯಾಪ್‌ಟಾಪ್ ಹಿಡಿದು ನಡೆದು ಬಂದ. ನೆಹೆಮೀಯನು ತ್ರಿಚಕ್ರರಥವೆಂಬ ಆಟೋದಲ್ಲಿ, ದೊರ್ಕಮ್ಮನ ಕೌದಿಯಲ್ಲಿ ಸುತ್ತಿದ ಗಣಕವನ್ನು ಕಾಲಬಳಿ ಇಟ್ಟು, ಗುಡಾಣದಂಥ ಮಾನಿಟರನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪ್ರತಿ ಗುಂಡಿಗೂ "ಸಾವಕಾಶ, ತಮ್ಮಾ, ಸಾವಕಾಶ" ಎನ್ನುತ್ತ ಬಂದಿಳಿದ. ಮರುದಿನದ ಆರಾಧನೆಗೆ ಬೆಂಚು ಒರೆಸಲು ಬಂದ ಹೆಂಗಸರು ಬಾಗಿಲಲ್ಲಿ ನೆರೆದರು. ಅವರ ನಡುವೆ ದೊರ್ಕಮ್ಮನೂ ಇದ್ದಳು.

ಆಗ ನೆಹೆಮೀಯನು ಎದೆ ಉಬ್ಬಿಸಿ ಗರ್ಜಿಸಿದ: "ಎಲವೋ ಭಾಗಾಕಾರಭಯಂಕರನೇ! ಮಿಥ್ಯಾಗಣಿತದ ಮದವೇರಿ ಮೆರೆಯುವವನೇ! ಪುರಾತನವಾದರೂ ಅಚಂಚಲವಾದ, ಆಡಂಬರವಿಲ್ಲದಿದ್ದರೂ ಅಮೋಘವಾದ ನನ್ನ ದೀಪಸ್ತಂಭದ ಪ್ರಭೆಯಲ್ಲಿ ನಿನ್ನ ಕೃತ್ರಿಮಗರ್ದಭಗಳು ಕತ್ತಲೆಯಂತೆ ಕರಗಿಹೋಗಲಿವೆ!" ಇದು ಕವಿಯ ಭಾಷೆ. ಅವನು ಅಂದದ್ದಿಷ್ಟು: "ಮಾಸ್ತರ, ನಿಮ್ಮ ಲೆಕ್ಕ ತಪ್ಪೈತ್ರಿ."

ಮಾಸ್ತರನೂ ಸುಮ್ಮನಿರಲಿಲ್ಲ. "ಎಲೈ ಕಿಟಕಿಯಿಂದ ಕಿಟಕಿಗೆ ಬಡ್ತಿ ಪಡೆದವನೇ! ಕೋಟಿಗುಣಾಕಾರಗಳಲ್ಲಿ ಮಿಂದೆದ್ದ ಈ ಬರ್ನಬನಿಗೆ ಎಣಿಕೆ ಕಲಿಸುವೆಯಾ?" ಎಂಬ ಅರ್ಥದಲ್ಲಿ ಅವನು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಹಚ್ರಿ, ನೋಡೂಣು," ಎಂದ.

ಸಮರ ಮೊದಲಾಯಿತು. ಒಬ್ಬನು ಓದುವುದು, ಇನ್ನೊಬ್ಬನು ತನ್ನ ಪರದೆಯಲ್ಲಿ ಬೆರಳಿಡುವುದು. ಮೂಟೆ ಹೊತ್ತ ಕತ್ತೆಗಳು ಹೋದವು, ತಡಿ ಹಾಕಿದವು ಹೋದವು, ಗುಂಡಿಗೆ ಬಿದ್ದವು ಮೇಲೆದ್ದವು, ಧಣಿಯನ್ನು ಹೊತ್ತವು, ಧಣಿಗೇ ಬುದ್ಧಿ ಹೇಳಿದ್ದೂ ಒಂದು ಹೋಯಿತು. ನಡುವೆ ಚಂಚಲೆ ಕೈಕೊಟ್ಟಳು. ಕೋಣೆಯ ಯುಪಿಎಸ್ ಪೀಂ ಪೀಂ ಎಂದು ಪಾಂಚಜನ್ಯದಂತೆ ಮೊಳಗಿತು. ವೀರರು ಬೆವರಿದರೇ ಹೊರತು ಹಿಮ್ಮೆಟ್ಟಲಿಲ್ಲ.

"ಏನ್ರೀ, ಪ್ರಸಂಗ ತಯಾರಾತೇನು?" ಎಂದು ದೊರ್ಕಮ್ಮ ಬಾಗಿಲಿಂದ ಕೇಳಿದಳು.

"ತಡಿಯ, ಇನ್ನೂ ಕತ್ತೆ ಮುಗಿದಿಲ್ಲ."

ನೆರಳು ಉದ್ದವಾಗುವ ಹೊತ್ತಿಗೆ ಸತ್ಯ ಸಿಕ್ಕಿತು. ಒಂದು ವಚನದಲ್ಲಿ ಕತ್ತೆ ಎರಡು ಸಲ ಬಂದಿತ್ತು. ಲ್ಯಾಂಪ್‌ಸ್ಟ್ಯಾಂಡ್ ಅದನ್ನು ಒಂದೆಂದು ಎಣಿಸಿತ್ತು, ವರ್ಡ್‌ವೆಲ್ ಎರಡೆಂದು. ಹಿಂದೆ ಹೋಗಿ ನೋಡಿದರೆ ಎಲ್ಲ ಕಡೆಯೂ ಅದೇ ಕಥೆ. ಒಂದು ಸಾಫ್ಟ್‌ವೇರು ವಚನಗಳನ್ನು ಎಣಿಸುತ್ತಿತ್ತು, ಇನ್ನೊಂದು ಪ್ರಾಣಿಗಳನ್ನು.

"ಅಂದ್ರ ಇಬ್ಬರದೂ ಖರೇನ," ಎಂದ ಮಾಸ್ತರ. ಅವನ ದನಿಯಲ್ಲಿ ಗೆದ್ದ ಖುಷಿಯಿರಲಿಲ್ಲ, ಸೋತ ಸಿಟ್ಟೂ ಇರಲಿಲ್ಲ. ಯುದ್ಧಕ್ಕೆ ಬಂದವರಿಗೆ ಇದಕ್ಕಿಂತ ದೊಡ್ಡ ಅವಮಾನ ಯಾವುದಿದೆ? ಲ್ಯಾಪ್‌ಟಾಪ್ ಮುಚ್ಚಿ ಅವನು, "ನಾಳಿ ಪ್ರಸಂಗ ಏನ ಮಾಡ್ತೀರಿ? ಬೇಕಾದ್ರ ನಾ ನಿಲ್ತೇನಿ," ಎಂದ. ಅದರಲ್ಲಿ ಆಸೆಯೂ ಇತ್ತು, ನಿಜವಾದ ಕನಿಕರವೂ ಇತ್ತು.

"ಬ್ಯಾಡ್ರಿ. ಮನೀಗೆ ಹೋಗಿ ಒಂದ ತಾಸಿನ್ಯಾಗ ಮಾಡ್ತೇನಿ," ಎಂದ ನೆಹೆಮೀಯ.

ಮನೆಗೆ ಬಂದು ಗುಂಡಿ ಒತ್ತಿದರೆ, ಆಟೋದ ಕುಲುಕಾಟದಿಂದ ನೊಂದಿದ್ದ ಗಣಕವು ಒಮ್ಮೆ ನರಳಿ ಮೌನವ್ರತ ಹಿಡಿಯಿತು. ಬೆನ್ನು ತಟ್ಟಿದ, ಬೇಡಿಕೊಂಡ, ವೈರು ಕಿತ್ತು ಸಿಕ್ಕಿಸಿದ. ಊಹುಂ. ದೊರ್ಕಮ್ಮ, ತಮ್ಮ ಮದುವೆಯಲ್ಲಿ ಸಭೆಯವರು ಕೊಟ್ಟಿದ್ದ ದಪ್ಪ ಸತ್ಯವೇದವನ್ನು ಅವನ ಮುಂದಿಟ್ಟಳು. "ಪುಸ್ತಕ ಐತಲ್ರಿ."

"ಇದರಾಗ ಹುಡುಕೂ ಬಟನ್ ಎಲ್ಲೈತಿ?" ಎಂದು ಆ ವೀರನು ಅಳುವ ದನಿಯಲ್ಲಿ ಕೇಳಿದ.

ಭಾನುವಾರ ಬಂತು. ಗಂಟೆ ಹೊಡೆಯಿತು, ಕೀರ್ತನೆ ಮುಗಿಯಿತು. ನೆಹೆಮೀಯನು ಖಾಲಿ ಕೈಯಲ್ಲಿ ಪ್ರಸಂಗಪೀಠದ ಮೆಟ್ಟಿಲೇರಿದ. ತಲೆಯೆತ್ತಿ ನೋಡಿದರೆ ಜೀವಮಾನದಲ್ಲಿ ಮೊದಲ ಸಲ ಅವನೆದುರಿಗೆ ಕೈಗಳಲ್ಲ, ಮುಖಗಳಿದ್ದವು. ಎಲ್ಲವೂ ಅವನನ್ನೇ ನೋಡುತ್ತಿದ್ದವು. ಹೆಂಗಸರ ಸಾಲಿನಲ್ಲಿ ದೊರ್ಕಮ್ಮ ಇದ್ದಳು, ಹೊಸಮನಿ ಮಾಸ್ತರನೂ ಹಿಂದಿನ ಬೆಂಚಿನಿಂದ ನೋಡುತ್ತಿದ್ದ. ಓಡಿಹೋಗಬೇಕೆನಿಸಿತು. ಆದರೆ ಇಷ್ಟು ಮುಖಗಳನ್ನು ಬಿಟ್ಟು ಹೋಗಲು ಮನಸ್ಸೂ ಬರಲಿಲ್ಲ.

"ಪ್ರಿಯರ, ದೇವರ ರಾಜ್ಯದ ಮ್ಯಾಲ ಮಾತಾಡ್ರಿ ಅಂದಿದ್ರು ಅಯ್ಯನವರು," ಎಂದು ಶುರುಮಾಡಿದ. "ನನಗ ರಾಜ್ಯದ್ದು ಗೊತ್ತಿಲ್ಲ. ಕತ್ತೆದ್ದು ಗೊತ್ತೈತಿ."

ಯಾರೋ ಕಿಸಕ್ಕೆಂದರು. ಅವನು ಮುಂದುವರಿಸಿದ. "ಹಿಂದಕ ಒಬ್ಬ ಹುಡುಗ ಅಪ್ಪನ ಕತ್ತೆ ಕಳದಾವು ಅಂತ ಹುಡುಕಾಕ ಹೋಗಿ ರಾಜ್ಯ ಗಳಿಸಿಕೊಂಡು ಬಂದ, ಸತ್ಯವೇದದಾಗ ಐತಿ. ನಾ ವಾರಪೂರ್ತಿ ರಾಜ್ಯ ಹುಡುಕಾಕ ಹೋಗಿ ಕತ್ತೆ ಹಿಡಕೊಂಡು ಬಂದೇನಿ. ಆದ್ರ ಒಂದು ಮಾತು. ಈ ಪುಸ್ತಕದಾಗ ಅಷ್ಟು ಕತ್ತೆ ಅದಾವ. ಯಾವುದೂ ಈ ದಾರಿ ಚಲೋನೋ ಆ ದಾರಿ ಚಲೋನೋ ಅಂತ ಹೋಲಿಸಿಕೊಂತ ಕುಂತಿಲ್ಲ. ಹೊರಿಸಿದ್ದು ಹೊತ್ಕೊಂಡು ನಡದಾವ. ನಾ ಇಪ್ಪತ್ತು ವರ್ಷ ಕುಂತೇನಿ. ಇನ್ನ ನಡೀತೇನಿ. ಇಷ್ಟ. ಆಮೆನ್."

ಪ್ರಸಂಗ ಅರ್ಧ ತಾಸಾದರೂ ನಡೆದೀತೆಂದು ಚಹಾಕ್ಕೆ ಹೋಗಿದ್ದ ಹಾರ್ಮೋನಿಯಂ ವಾದಕನನ್ನು ಕೂಗಿ ಕರೆಯಬೇಕಾಯಿತು. ಲ್ಯಾಂಪ್‌ಸ್ಟ್ಯಾಂಡಿನಷ್ಟು ಚುರುಕಲ್ಲದಿದ್ದರೂ ಸ್ಕ್ರೋಲ್‌ಮೇಟ್ ತೆರೆಯುವುದರೊಳಗೆ ಆ ಪ್ರಸಂಗ ಮುಗಿದಿತ್ತು. ಹೊರಗೆ ಜನ ಅವನ ಕೈ ಕುಲುಕಿ, "ಭಾಳ ಚಲೋ ಆತ್ರಿ, ಲಗೂ ಬಿಟ್ರಿ," ಎಂದು ಹೊಗಳಿದರು. ಯುಗಯುಗಾಂತರದ ತಪಸ್ಸಿಗೆ ದೊರೆತ ವರ ಇಷ್ಟೇ. ಆದರೂ ಅವನಿಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಕೊನೆಗೆ ಮಾಸ್ತರ ಬಂದ. "ಎಲ್ಲಾ ಖರೆ. ಆದ್ರ ಒಂದು ಕತ್ತೆ ಎಣಿಸೂದು ಬಿಟ್ರಿ, ಕಟಗೇರಿಯವರ."

"ಬಿಟ್ಟಿಲ್ರಿ ಮಾಸ್ತರ. ಇಷ್ಟೊತ್ತು ಮಾತಾಡಿದ್ದು ಅದ ಕತ್ತೆ."

ಮಾಸ್ತರನು ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡ. ಸಂಜೆ ಬಂದು ಗಣಕದ ವೈರು ನೋಡುತ್ತೇನೆಂದು ಹೇಳಿ ಹೋದ.

ಮನೆಯಲ್ಲಿ ಮಟನ್ನು ಇನ್ನೂ ಒಲೆಗೇರಿರಲಿಲ್ಲ. ದೊರ್ಕಮ್ಮನೂ ಆರಾಧನೆಯಿಂದ ಈಗಷ್ಟೇ ಬಂದಿದ್ದಳು. ನಮ್ಮ ವೀರನು ಕುರ್ಚಿಯಲ್ಲಿ ಒರಗಿ, "ಹೆಂಗಿತ್ತ ಪ್ರಸಂಗ?" ಎಂದು ಕೇಳಿದ.

"ಚಲೋ ಇತ್ತು," ಎಂದಳು ಅವಳು, ಸೆರಗು ಸಿಕ್ಕಿಸುತ್ತ. "ಯಾಕ ಇರಬಾರ್ದು? ಅವತ್ತ ನಿಮಗ ಕತ್ತೆ ಹಂಗ ಕುಂತೀರಿ ಅಂದಾಕಿ ನಾನು. ಪ್ರಸಂಗ ನಂದ. ಹೇಳಾಕ ನಿಮಗ ಇಪ್ಪತ್ತು ವರ್ಷ ಹಿಡೀತು. ಏಳ್ರಿ, ಉಳ್ಳಾಗಡ್ಡಿ ಹೆಚ್ರಿ."

ಗರ್ದಭಗಣನಾಚಾರ್ಯನು ಎದ್ದು ಅಡಿಗೆಮನೆಗೆ ನಡೆದ. ಅಲ್ಲಿ ಈಳಿಗೆಯೂ ಇತ್ತು, ಚಾಕೂ ಇತ್ತು. ಯಾವುದು ಮೇಲೆಂದು ನೋಡಲು ಅವನು ಒಂದೊಂದರ ಅಂಚಿನ ಮೇಲೂ ಬೆರಳಾಡಿಸಿದ. ದೊರ್ಕಮ್ಮ ತಿರುಗಿ ನೋಡಿದಳು. ಅವನು ಕೈಯಲ್ಲಿದ್ದ ಚಾಕುವಿನಿಂದಲೇ ಹೆಚ್ಚತೊಡಗಿದ.